ಗೊಂಬೆ ಎದುರು ಡಾಕ್ಟರ ಎದೆ ಯಾಕೆ ಹೊಡೆದುಕೊಳ್ಳುತ್ತೆ?

ನಾನಿರೋದು ಡೊಂಬಿವಲಿ ಎಂಐಡಿಸಿಯ ರೆಸಿಡೆನ್ಶಿಯಲ್ ಏರಿಯಾದಲ್ಲಿ. ಕೆಲಸ ಸಾಫ್ಟ್‌ವೇರು. ನಾನು ಡಾಕ್ಟರ್ ಅಲ್ಲ, ಹಾಗಾಗಿ ಆರೋಗ್ಯ ಸಲಹೆ ಏನೂ ಕೊಡಲ್ಲ. ನಾನೇ ಕೆಡಿಸಿದ ಒಂದು ಡ್ಯಾಶ್‌ಬೋರ್ಡಿನ ಕಥೆ ಹೇಳ್ತೀನಿ.

2024ರ ಮೇ 23, ಮಧ್ಯಾಹ್ನ. ಇಲ್ಲಿ ಫೇಸ್ 2ರ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಸ್ಫೋಟವಾಯ್ತು, ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಮ್ಮ ಮನೆ ಕಿಟಕಿ ಗಾಜು ಒಡೆದು ಒಳಗೆ ಬಿತ್ತು. ಮೊಬೈಲ್ ಕೈಯಲ್ಲೇ ಇತ್ತು, ಆದರೆ ಅನ್‌ಲಾಕ್ ಪ್ಯಾಟರ್ನ್ ನೆನಪಾಗಲಿಲ್ಲ. ದಿನಕ್ಕೆ ನೂರು ಸಲ ಎಳೆಯೋ ಪ್ಯಾಟರ್ನ್! ತಂಗಿಗೆ ಇದನ್ನ ಹೇಳಿದರೆ ಅವಳು ನಗಲಿಲ್ಲ. ಅವಳು ನವಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದ ಪಿಜಿ. "ಅಣ್ಣಾ, ನನಗೆ ಗೊಂಬೆ ಎದುರೇ ಹಾಗಾಗುತ್ತೆ" ಅಂದಳು.

ಗೊಂಬೆ ಅಂದರೆ ತರಬೇತಿಗೆ ಬಳಸೋ ಮ್ಯಾನಿಕಿನ್. ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ 1960ರಲ್ಲಿ ತಂದ ಗೊಂಬೆಯಲ್ಲಿ ಬಾಯಿಂದ ಉಸಿರು ಕೊಡೋದು ಕಲೀಬಹುದಿತ್ತು. 1980ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ಡೇವಿಡ್ ಗಾಬಾ, ಪೈಲಟ್‌ಗಳ ಸಿಮ್ಯುಲೇಟರ್ ಥರ, ಅರಿವಳಿಕೆ ವೈದ್ಯರಿಗೂ ಒಂದನ್ನು ಕಟ್ಟಿದರು. ಈಗಿನ ಗೊಂಬೆಗಳಿಗೆ ನಾಡಿ ಇದೆ, ಉಸಿರಿದೆ, ಮಾನಿಟರ್‌ನಲ್ಲಿ ಆಕ್ಸಿಜನ್ ಕೆಳಗಿಳಿಯುತ್ತೆ.

ತಂಗಿಯ ಸೆಷನ್ನಿನಲ್ಲೂ ಹಾಗೇ ಇಳೀತಿತ್ತು. ಗಂಟಲಿಗೆ ಹಾಕಿದ ಟ್ಯೂಬನ್ನೇ ಇವಳು ಮತ್ತೆ ಮತ್ತೆ ಸರಿಮಾಡ್ತಾ ನಿಂತಳು. ಟ್ರೇನರ್ ಹಿಂದಿನಿಂದ ಆಕ್ಸಿಜನ್ ಪೈಪ್ ಕಿತ್ತಿಟ್ಟಿದ್ದರು, ಇವಳು ಆ ಕಡೆ ತಿರುಗಿಯೂ ನೋಡಲಿಲ್ಲ. ಪ್ರೊಡಕ್ಷನ್ ಬಿದ್ದಾಗ ಒಂದೇ ಲಾಗ್ ಫೈಲನ್ನ ಗಂಟೆಗಟ್ಟಲೆ ದಿಟ್ಟಿಸ್ತೀವಲ್ಲ, ಅದೇ.

ಗೊಂಬೆ ಸಾಯಲ್ಲ ಅಂತ ಎಲ್ಲರಿಗೂ ಗೊತ್ತು. ಮತ್ತೆ ಭಯ ಯಾಕೆ? ಜರ್ಮನಿಯ ಟ್ರಿಯರ್‌ನಲ್ಲಿ ರೂಪಿಸಿದ, 1993ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ರಕ್ತ, ಗಾಯ ಏನೂ ಇಲ್ಲ. ಮುಖದಲ್ಲಿ ಭಾವನೆ ತೋರಿಸದೆ ಕೂತ ತೀರ್ಪುಗಾರರ ಎದುರು ಭಾಷಣ ಮಾಡಬೇಕು, ಬಾಯಿಲೆಕ್ಕ ಹೇಳಬೇಕು. ಅಷ್ಟಕ್ಕೇ ಕಾರ್ಟಿಸಾಲ್ ಏರುತ್ತೆ. (ಈ ಕ್ಯಾಮೆರಾ ಎದುರು ನನ್ನದೂ ಏರಿರಬಹುದು.) ತಂಗಿ ಹೆದರಿದ್ದು ಗಾಜಿನ ಆಚೆ ನೋಟ್ಸ್ ಬರೀತಿದ್ದ ಸೀನಿಯರ್‌ಗಳಿಗೆ.

ಇಷ್ಟು ತಿಳಿದ ಮೇಲೂ ನಾನು ಮಾಡಿದ್ದೇನು? ಅಲ್ಲಿನ ಟ್ರೇನರ್‌ಗಳು ಕೇಳಿದರು ಅಂತ, ಕೈಗಡಿಯಾರದಿಂದ ಪ್ರತಿಯೊಬ್ಬರ ನಾಡಿ ತಗೊಂಡು, ಹೆಸರಿನ ಪಕ್ಕ "ಸ್ಟ್ರೆಸ್ ಸ್ಕೋರ್" ಹಾಕಿ, ಕೆಂಪು ಹಸಿರು ಬಣ್ಣ ಬಳಿದೆ. ಎಂಟೆಕ್ ಮಾಡಿದವನಿಗೆ ನಾರ್ಮಲೈಸ್ ಮಾಡೋದು ಗೊತ್ತು, ಯೋಚನೆ ಮಾಡೋದು ಗೊತ್ತಿರಲಿಲ್ಲ. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತೋನ ನಾಡಿ ದುಡಿಮೆಯಿಂದಲೇ ಏರುತ್ತೆ. ಸುಮ್ಮನೆ ಪಕ್ಕದಲ್ಲಿ ನಿಂತವನು ಹಸಿರು! ಲಾಲಾರಸದ ಕಾರ್ಟಿಸಾಲ್ ಅಳೀಬಹುದಿತ್ತು, ಆದರೆ ಅದು ಬೆಳಿಗ್ಗೆ ತಾನಾಗೇ ಜಾಸ್ತಿ ಇರುತ್ತೆ, ಒತ್ತಡ ಬಿದ್ದು 20-30 ನಿಮಿಷ ಆದ ಮೇಲೆ ಶಿಖರ ಮುಟ್ಟುತ್ತೆ. ಅದೂ ರ‍್ಯಾಂಕ್ ಕೊಡೋ ಅಂಕಿ ಅಲ್ಲ.

ಆ ಪಟ್ಟಿ ವಿಭಾಗದ ವಾಟ್ಸಾಪ್ ಗುಂಪಿಗೆ ಹೋಯ್ತು. ಕೊನೇ ಸಾಲಲ್ಲಿ, ಕೆಂಪು ಬಣ್ಣದಲ್ಲಿ, ನನ್ನ ತಂಗಿ ಹೆಸರು. ಮುಂದಿನ ಸೆಷನ್ನಿಗೆ ಇಬ್ಬರು ಬರಲೇ ಇಲ್ಲ. ಅವಳು ಬಂದಳು, ಆದರೆ ಎರಡು ವಾರ ನನ್ನ ಹತ್ತಿರ ಮಾತು ಬಿಟ್ಟಳು.

ಸ್ಕೋರ್ ತೆಗೆದೆ, ಹೆಸರೂ ತೆಗೆದೆ. ಈಗ ಗ್ರಾಫ್ ಅವರವರಿಗೆ ಮಾತ್ರ ಕಾಣುತ್ತೆ, ಸೆಷನ್ ಆದ ಮೇಲಿನ ಚರ್ಚೆಯಲ್ಲಿ, ವಿಡಿಯೋ ಜೊತೆ. ನಾವು ಆಫೀಸಿನಲ್ಲಿ ಯಾರನ್ನೂ ದೂರದೆ ಪೋಸ್ಟ್‌ಮಾರ್ಟಮ್ ಮಾಡ್ತೀವಿ ಅಂತ ಹೇಳ್ಕೊತೀವಲ್ಲ, ಅವರು ನಿಜವಾಗಿಯೂ ಹಾಗೆ ಕೂತು ಮಾತಾಡ್ತಾರೆ.

ಕಳೆದ ಸಲ ತಂಗಿ ತನ್ನ ಗ್ರಾಫ್ ತೋರಿಸಿದಳು. ನಾಡಿ ಮೊದಲಿನಷ್ಟೇ ಏರಿತ್ತು, ಸ್ವಲ್ಪವೂ ಕಡಿಮೆಯಾಗಿಲ್ಲ. ವಿಡಿಯೋದಲ್ಲಿ ಮಾತ್ರ, ಸರಿಯಾಗಿ ಆ ಏರಿನ ತುದಿಯಲ್ಲಿ, ಅವಳು ಟ್ಯೂಬಿನಿಂದ ಕೈ ತೆಗೆದು ಜೋರಾಗಿ ಹೇಳ್ತಾಳೆ: "ನಂಗೆ ಹೊಳೀತಿಲ್ಲ. ಯಾರಾದ್ರೂ ಗೋಡೆಯಿಂದ ಇಲ್ಲಿವರೆಗೂ ಆಕ್ಸಿಜನ್ ಪೈಪ್ ನೋಡಿ."