ಕಥೆಯೊಳಗೆ ಯಾವುದು ನಿಜ?



ಷರ್ಲಾಕ್ ಹೋಮ್ಸ್ ಎಂಬ ಪತ್ತೇದಾರನ ಹೆಸರನ್ನು ನೀವು ಕೇಳಿರುತ್ತೀರಿ. ಬಾಗಿದ ಪೈಪು ಸೇದುತ್ತ "ಎಲಿಮೆಂಟರಿ, ಮೈ ಡಿಯರ್ ವಾಟ್ಸನ್" ಎನ್ನುವವನು ಆತ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಸರ್ ಆರ್ಥರ್ ಕಾನನ್ ಡಾಯ್ಲ್ ಬರೆದ ಹೋಮ್ಸ್ ಕಥೆಗಳಲ್ಲಿ ಈ ಮಾತು ಇದೇ ರೂಪದಲ್ಲಿ ಎಲ್ಲಿಯೂ ಇಲ್ಲ. ಬಾಗಿದ ಪೈಪಂತೂ ನಾಟಕ, ಸಿನಿಮಾಗಳ ಕೊಡುಗೆ. ಹಾಗಾದರೆ, ಹುಟ್ಟಿಯೇ ಇಲ್ಲದ ಒಬ್ಬ ವ್ಯಕ್ತಿಯ ವಿಷಯದಲ್ಲಿ ಇದು ನಿಜ, ಇದು ಸುಳ್ಳು ಎಂದು ತೀರ್ಮಾನಿಸುವವರು ಯಾರು?

ಹೋಮ್ಸನ ಅಭಿಮಾನಿಗಳು ಇದಕ್ಕೊಂದು ಗಡಿ ಹಾಕಿಕೊಂಡಿದ್ದಾರೆ. 1887ರಿಂದ 1927ರವರೆಗೆ ಪ್ರಕಟವಾದ 4 ಕಾದಂಬರಿಗಳು ಮತ್ತು 56 ಸಣ್ಣ ಕಥೆಗಳು, ಒಟ್ಟು 60, ಅವರಿಗೆ ಪ್ರಮಾಣ. ಇದನ್ನು ಅವರು 'ಕ್ಯಾನನ್' ಎನ್ನುತ್ತಾರೆ. ಬೈಬಲ್ಲಿಗೆ ಸೇರತಕ್ಕ ಗ್ರಂಥಗಳ ಅಂಗೀಕೃತ ಪಟ್ಟಿಗೆ ಕ್ರೈಸ್ತ ಪಂಡಿತರು ಬಳಸುವ ಪದವಿದು. 1911ರಲ್ಲಿ ಆಕ್ಸ್‌ಫರ್ಡಿನಲ್ಲಿ ರೊನಾಲ್ಡ್ ನಾಕ್ಸ್ ಎಂಬ ವಿದ್ವಾಂಸರು ಬೈಬಲ್ ಪಂಡಿತರ ವಿಮರ್ಶಾ ವಿಧಾನವನ್ನು ತಮಾಷೆಗೆಂದು ಹೋಮ್ಸ್ ಕಥೆಗಳಿಗೆ ಹಚ್ಚಿ ಪ್ರಬಂಧ ಓದಿದರು. ಅದನ್ನು ಕಂಡು ಬೆರಗಾದ ಡಾಯ್ಲ್, ಈ ವಿಷಯ ನನಗಿಂತ ನಿಮಗೇ ಹೆಚ್ಚು ಗೊತ್ತು ಎಂಬ ಅರ್ಥದ ಕಾಗದ ಬರೆದರು.

ಲೇಖಕನ ಹೆಸರಿದ್ದ ಮಾತ್ರಕ್ಕೆ ಬರಹವೊಂದು ಈ ಪಟ್ಟಿಗೆ ಸೇರುವುದಿಲ್ಲ. 1896 ಮತ್ತು 1924ರಲ್ಲಿ ಡಾಯ್ಲ್ ಅವರೇ ಬರೆದ ಎರಡು ಪುಟ್ಟ ವಿನೋದ ಬರಹಗಳಲ್ಲಿ ಹೋಮ್ಸನೂ ಇದ್ದಾನೆ, ವಾಟ್ಸನನೂ ಇದ್ದಾನೆ. ಆದರೂ ಅವು ಹೊರಗೆ. ನಟ ವಿಲಿಯಂ ಜಿಲೆಟ್ ಅವರ ಜೊತೆಗೆ ಡಾಯ್ಲ್ ಹೆಸರನ್ನೂ ಹೊತ್ತ 1899ರ ನಾಟಕದಲ್ಲಿ ಹೋಮ್ಸ್ ಪ್ರೇಮದಲ್ಲಿ ಬೀಳುತ್ತಾನೆ. ಅದೂ ಹೊರಗೆ. ಆ 60 ಕಥೆಗಳನ್ನೊಳಗೊಂಡ 9 ಪುಸ್ತಕಗಳೇ ಗಡಿಕಲ್ಲು.

ಒಳಗಿರುವ ಕಥೆಗಳಲ್ಲೇ ವಿರೋಧ ಕಂಡುಬಂದರೆ? ಮೊದಲ ಕಾದಂಬರಿಯಲ್ಲಿ ವಾಟ್ಸನನಿಗೆ ಗುಂಡು ತಗುಲಿದ್ದು ಭುಜಕ್ಕೆ. 1890ರ ಎರಡನೆಯದರಲ್ಲಿ ಕಾಲಿಗೆ. ಅವನ ಹೆಸರು ಜಾನ್ ಎಚ್. ವಾಟ್ಸನ್, ಒಂದು ಕಥೆಯಲ್ಲಿ ಹೆಂಡತಿ ಅವನನ್ನು ಜೇಮ್ಸ್ ಎನ್ನುತ್ತಾಳೆ. ಇದು ಲೇಖಕನ ಮರೆವು ಎಂದು ಹೇಳಿ ಮುಗಿಸಬಹುದು. ಅಭಿಮಾನಿಗಳು ಹಾಗೆ ಮಾಡುವುದಿಲ್ಲ. ಪ್ರಮಾಣವೆಂದು ಒಪ್ಪಿದ ಮೇಲೆ ಬೇಡವಾದ ಸಾಲನ್ನು ಕಿತ್ತುಹಾಕುವಂತಿಲ್ಲ. ಎರಡೂ ನಿಲ್ಲುವಂಥ ವಿವರಣೆ ಹುಡುಕಬೇಕು. ಲೇಖಕಿ ಡೊರೊತಿ ಸೇಯರ್ಸ್ ಅವರು ಎಚ್ ಎಂದರೆ ಹೇಮಿಷ್ ಇರಬೇಕು, ಅದು ಜೇಮ್ಸ್ ಎಂಬುದರ ಸ್ಕಾಟಿಷ್ ರೂಪ ಎಂದು ಸಮಾಧಾನ ಹೇಳಿದರು. ಇದೊಂದು ಆಟ, ಆದರೆ ನಿಯಮವಿರುವ ಆಟ.

ಕಥೆಗೆ ಮಾಲೀಕರಾಗಿ ಕಂಪನಿಯೊಂದು ಬಂದಾಗ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಅಮೆರಿಕದ 'ಸ್ಟಾರ್ ವಾರ್ಸ್' ಚಲನಚಿತ್ರಗಳನ್ನು ತಯಾರಿಸಿದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯನ್ನು 2012ರಲ್ಲಿ ಡಿಸ್ನಿ ಕೊಂಡುಕೊಂಡಿತು. 2014ರಲ್ಲಿ ಒಂದು ಪ್ರಕಟಣೆ ಹೊರಬಿತ್ತು: ಅದುವರೆಗಿನ ಕಾದಂಬರಿ, ಕಾಮಿಕ್ಸ್ ಮುಂತಾದವುಗಳಲ್ಲಿ ಬೆಳೆದುಬಂದ ಕಥಾಲೋಕ ಇನ್ನು 'ಲೆಜೆಂಡ್ಸ್', ಎಂದರೆ ದಂತಕಥೆ, ಮುಂದಿನ ಚಿತ್ರಗಳು ಅದಕ್ಕೆ ಬದ್ಧವಲ್ಲ. ವರ್ಷಗಟ್ಟಲೆ ಕೈಖರ್ಚಿನ ಹಣ ಕೂಡಿಟ್ಟು ಆ ಪುಸ್ತಕಗಳನ್ನು ಕೊಂಡು ಓದಿದವನ ಪಾಡೇನು? ಅವನು ಓದಿದ್ದು ಒಂದೇ ದಿನದಲ್ಲಿ ಸುಳ್ಳಾಯಿತೇ?

ಆಗಲಿಲ್ಲ. ತಿಮೊತಿ ಝಾನ್ ಅವರ 1991ರ ಕಾದಂಬರಿಯಲ್ಲಿ ಹುಟ್ಟಿದ ಥ್ರಾನ್ ಎಂಬ ಖಳನಾಯಕನೂ ಹೀಗೆ ಹೊರಗುಳಿದಿದ್ದ. ಓದುಗರು ಅವನನ್ನು ಮರೆಯಲಿಲ್ಲ. 2016ರಲ್ಲಿ 'ಸ್ಟಾರ್ ವಾರ್ಸ್ ರೆಬೆಲ್ಸ್' ಎಂಬ ದೂರದರ್ಶನ ಧಾರಾವಾಹಿಯ ಮೂಲಕ ಅವನು ಅಧಿಕೃತ ಕಥೆಗೆ ಮರಳಿದ. ಗಡಿ ಎಳೆಯುವ ಅಧಿಕಾರ ಮಾಲೀಕನದು. ಗಡಿಯಾಚೆ ಇರುವವರನ್ನು ಬದುಕಿಸಿಡುವ ಶಕ್ತಿ ಓದುಗನದು.

ಡಾಯ್ಲ್ ಕೂಡ ಇದನ್ನು ಅನುಭವದಿಂದ ಬಲ್ಲವರು. 1893ರಲ್ಲಿ ಅವರು ಹೋಮ್ಸನನ್ನು ಜಲಪಾತದ ಬಳಿ ಸಾಯಿಸಿದರು. 1903ರಲ್ಲಿ, ಅವನು ಸತ್ತೇ ಇರಲಿಲ್ಲ ಎಂದು ಬರೆಯಬೇಕಾಯಿತು.

ಇದು ಕೇವಲ ಕಾಲಹರಣವೆಂದು ತಳ್ಳಿಹಾಕಬೇಡಿ. ಇದು ಎಲ್ಲಿ ಬರೆದಿದೆ, ಯಾರು ಬರೆದರು, ಯಾವಾಗ ಬರೆದರು ಎಂದು ಅಭಿಮಾನಿ ಕೇಳುತ್ತಾನೆ. ಚರಿತ್ರೆಯ ವಿದ್ಯಾರ್ಥಿಯೂ ಶಾಸನದ ಮುಂದೆ ನಿಂತು ಇವೇ ಪ್ರಶ್ನೆಗಳನ್ನು ಕೇಳಬೇಕು. ನಿಮ್ಮ ಮೆಚ್ಚಿನ ಕಥೆಯೊಂದನ್ನು ಎತ್ತಿಕೊಂಡು, ಅದರಲ್ಲಿ ನೀವು ನಂಬಿದ್ದರಲ್ಲಿ ಎಷ್ಟು ಪುಸ್ತಕದಲ್ಲಿದೆ, ಎಷ್ಟು ಬರಿಯ ಕೇಳಿಕೆ ಎಂದು ಒಮ್ಮೆ ಪರೀಕ್ಷಿಸಿ ನೋಡಿ.