ಬದುಕಿದ್ದಾಗಲೇ ಕರೆದು ಕೂರಿಸಿ



ಘಟಿಕೋತ್ಸವ ಅಂದ್ರೆ ನಮ್ಮ ಕ್ಯಾಮೆರಾಗಳು ಎಲ್ಲಿರುತ್ತವೆ? ಚಿನ್ನದ ಪದಕ ಹಾಕಿಕೊಂಡ ಹುಡುಗಿಯ ಮುಂದೆ. ಇರಲಿ, ಅದು ಆಕೆಯ ದಿನ. ಆದರೆ ಆ ಪದಕಕ್ಕೆ ದುಡ್ಡಿಟ್ಟವರು ಯಾರು ಅಂತ ನಾವು ಯಾವತ್ತಾದ್ರೂ ಕೇಳಿದ್ದೀವಾ? ಅದರಲ್ಲೂ, ತಾವು ಹೋದ ಮೇಲೆ ತಮ್ಮ ಆಸ್ತಿ ವಿದ್ಯೆಗೆ ಸೇರಲಿ ಅಂತ ಮೃತ್ಯುಪತ್ರ ಬರೆದವರನ್ನು?

ಶಿರಸಂಗಿ ಲಿಂಗರಾಜ ದೇಸಾಯರು ತೀರಿಕೊಂಡದ್ದು 1906ರಲ್ಲಿ. ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆ ಅಂತ ಬರೆದಿಟ್ಟು ಹೋದರು. ಬೆಳಗಾವಿಯಲ್ಲಿ ಅವರ ಹೆಸರಿನ ಕಾಲೇಜು ಶುರುವಾದದ್ದು 1933ರಲ್ಲಿ. ಅಂದ್ರೆ 27 ವರ್ಷ ಆದ ಮೇಲೂ ಜನ ಮರೆತಿರಲಿಲ್ಲ. ಅಮೆರಿಕದಲ್ಲಿ ಜಾನ್ ಹಾರ್ವರ್ಡ್ 1638ರಲ್ಲಿ ತೀರಿಕೊಂಡಾಗ ಬಿಟ್ಟುಹೋದದ್ದು ಅರ್ಧ ಆಸ್ತಿ, ಸುಮಾರು 400 ಪುಸ್ತಕ. ಮರುವರ್ಷವೇ ಆ ಕಾಲೇಜಿಗೆ ಅವನ ಹೆಸರಿಟ್ಟರು. ಇವರಿಬ್ಬರೂ ಆ ಚಪ್ಪಾಳೆ ಕೇಳಲಿಲ್ಲ, ಅದು ಬೇರೆ ಮಾತು.

ನಮ್ಮ ಬೀದರಿನ ಕಥೆ ಇನ್ನೂ ಖಾರ. ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದ. 1481ರಲ್ಲಿ, ಯಾರೋ ಸೃಷ್ಟಿಸಿದ ಸುಳ್ಳು ಪತ್ರ ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ವಿದ್ಯೆಗೆ ಕೊಟ್ಟವನಿಗೆ ಸಿಕ್ಕ ಸನ್ಮಾನ ನೋಡಿ!

ಈಗ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಗೆ ಬನ್ನಿ. ಅಲ್ಲಿ 2023ರಿಂದ ಬೀದರ್ ವಿಶ್ವವಿದ್ಯಾಲಯ ಇದೆ. ಎರಡು ವರ್ಷ ಕಳೆಯೋದರೊಳಗೆ ರಾಜ್ಯದ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚೋ ಮಾತು ಬಂತು. ಬೀದರ್ ಆ ಪಟ್ಟಿಯಲ್ಲಿರಲಿಲ್ಲ, ಸರಿ. ಆದರೆ ಕೊಡೋನ ಮನಸ್ಸಿನಲ್ಲಿ ಹುಟ್ಟೋ ಪ್ರಶ್ನೆ ಒಂದೇ: ನಾನು ಸತ್ತಾಗ ಈ ವಿಶ್ವವಿದ್ಯಾಲಯ ಇರ್ತದೇನ್ರಿ?

ಔರಾದಿನಲ್ಲಿ ಒಬ್ಬ ನಿವೃತ್ತ ಮಾಸ್ತರರು ಇದ್ದಾರೆ ಅಂತ ಇಟ್ಕೊಳ್ಳಿ. ಮಕ್ಕಳು ಹೈದರಾಬಾದಿಗೋ ಪುಣೆಗೋ ಹೋಗಿ ನೆಲೆಸಿದ್ದಾರೆ. ಸ್ವಂತ ದುಡಿಮೆಯ ಒಂದು ಮನೆ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ. ಇವರಿಗೆ ಕಾನೂನಿನ ದಾರಿ ಕಷ್ಟದ್ದೇನಲ್ಲ. ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ನಾಳೆ ತಕರಾರು ಕಡಿಮೆ. ಮುಸ್ಲಿಮರಾದರೆ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಪಾಲಿನವರೆಗೆ ಮಾತ್ರ. ಬರೆದವರು ಬದುಕಿರೋವರೆಗೂ ಅದನ್ನು ಬದಲಿಸಬಹುದು. ಇಲ್ಲೇ ನಮ್ಮ ಅಧಿಕಾರಿಗಳು ಹಿಂದೆ ಸರಿಯುತ್ತಾರೆ: ಹಣ ಕೈಗೆ ಬಂದಿಲ್ಲ, ಈಗಲೇ ಯಾಕೆ ಸನ್ಮಾನ?

ಯಾಕೆ ಅಂತ ನಾನು ಹೇಳ್ತೀನಿ. ಆ ಮಾಸ್ತರರು ಕೊಡ್ತಿರೋದು ಹಣಕ್ಕಿಂತ ಮೊದಲು ನಂಬಿಕೆಯನ್ನ. ಅದು ಈಗಾಗಲೇ ಕೈಗೆ ಬಂದಿದೆ. ನಾಳೆ ಮನಸ್ಸು ಬದಲಿಸಿದರೆ ಹೋಗಿದ್ದು ಒಂದು ಶಾಲು, ಅಷ್ಟೇ ತಾನೆ?

ಶಾಲಿಗಿಂತ ದೊಡ್ಡದು ಲೆಕ್ಕ. ಹಿಂದೆ ಯಾರೋ 10,000 ರೂಪಾಯಿ ದತ್ತಿ ಇಟ್ಟರು ಅನ್ನಿ. ಶೇಕಡಾ 6ರ ಬಡ್ಡಿಗೆ ವರ್ಷಕ್ಕೆ 600 ರೂಪಾಯಿ. ಇವತ್ತು ಆ ದುಡ್ಡಿಗೆ ಚಿನ್ನದ ಪದಕ ಇರಲಿ, ಒಂದು ಒಳ್ಳೆ ಪುಸ್ತಕ ಸಿಕ್ಕರೆ ಪುಣ್ಯ. ಆಮೇಲೆ ಏನಾಯ್ತು, ಪದಕ ನಿಂತುಹೋಯ್ತಾ, ದುಡ್ಡು ಎಲ್ಲಿ ಸೇರಿತು ಅಂತ ಮನೆಯವರಿಗೆ ಒಂದು ಕಾಗದ ಬರೆಯೋದು ಅಷ್ಟು ಕಷ್ಟವೇ?

ಹಾಗಾಗಿ ಕುಲಪತಿಗಳಿಗೆ ನನ್ನ ಕೋರಿಕೆ ಇಷ್ಟು. ಒಂದು ದಪ್ಪ ರಿಜಿಸ್ಟರ್ ಇಡಿ. ಎಡಗಡೆ ಕೊಟ್ಟವರ ಹೆಸರು, ಬಲಗಡೆ ಆ ದುಡ್ಡಿನಲ್ಲಿ ಓದಿದ ಮಕ್ಕಳ ಹೆಸರು, ವರ್ಷ ವರ್ಷವೂ. ಯಾರು ಬಂದು ಕೇಳಿದರೂ ತೆಗೆದು ತೋರಿಸಿ. ಮುಂದಿನ ಘಟಿಕೋತ್ಸವದಲ್ಲಿ ಮೊದಲ ಸಾಲಿನ ಒಂದು ಕುರ್ಚಿಯನ್ನು ನಮ್ಮಂಥ ಮಾಧ್ಯಮದವರಿಂದ ಕಿತ್ತುಕೊಂಡು ಔರಾದಿನ ಆ ಮಾಸ್ತರರಿಗೆ ಕೊಡಿ. ಕ್ಯಾಮೆರಾ ಅವರ ಕಡೆ ತಿರುಗಿಸೋ ಕೆಲಸ ನಮ್ಮದು.