ನೋಟಕ್ಕೊಂದು ಹೂ: ಕರಾವಳಿಯ ಅಂಗಳದಲ್ಲಿ ಬಿಗೋನಿಯ

ನಮ್ಮ ಸೀಮೆಯಲ್ಲಿ ಹೂವಿಗೆ ಎರಡು ನೆಲೆಗಳು: ದೇವರ ಸನ್ನಿಧಿ, ಹೆಂಗಳೆಯರ ಮುಡಿ. ಹೆಮ್ಮಾಡಿಯ ಸೇವಂತಿಗೆ ಮಕರ ಸಂಕ್ರಮಣದ ಜಾತ್ರೆಗೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನಿಗೆ ಸಲ್ಲುತ್ತದೆ. ಶಂಕರಪುರದ ಮಲ್ಲಿಗೆ ಅಟ್ಟೆಯ ಲೆಕ್ಕದಲ್ಲಿ ಪೇಟೆಗೆ ಬರುತ್ತದೆ. ಈ ಎರಡು ನೆಲೆಗಳಿಗೂ ಹೊರಗುಳಿದ ಹೂ ಬಿಗೋನಿಯ. ಅದು ಪರಿಮಳಕ್ಕೆ ಹೆಸರಾದುದಲ್ಲ, ಮಾಲೆಗೆ ಒದಗುವುದೂ ಇಲ್ಲ. ನೋಟವೊಂದೇ ಅದರ ಫಲ. ಆದರೂ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಆಸೆಪಟ್ಟು ಅದನ್ನು ಕೊಂಡು ತರುವವರಿದ್ದಾರೆ. ಮಳೆಗಾಲ ಕಳೆಯುವುದರೊಳಗೆ ಗಿಡ ಕೊಳೆತುಹೋದಾಗ, ‘ಇದು ನಮ್ಮ ಸೆಕೆಗೆ ಬಾಳುವ ಗಿಡವಲ್ಲ’ ಎಂದು ಕೈಬಿಡುತ್ತಾರೆ. ಈ ತೀರ್ಮಾನದಲ್ಲಿ ಅರ್ಧದಷ್ಟು ಮಾತ್ರ ಸತ್ಯವಿದೆ.

ಹದಿನೇಳನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಲೂಮಿಯೆ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಈ ಗಿಡಗಳನ್ನು ಕಂಡು, ಮಿಶೆಲ್ ಬೆಗೋನ್ ಎಂಬ ಅಧಿಕಾರಿಯ ಹೆಸರನ್ನು ಅವಕ್ಕೆ ಇಟ್ಟ. ಹೆಸರು ಪರದೇಶದ್ದಾದರೂ ಕುಲ ನಮಗೆ ಪರಕೀಯವಲ್ಲ. ಎರಡು ಸಾವಿರಕ್ಕೂ ಮಿಕ್ಕ ಪ್ರಭೇದಗಳಲ್ಲಿ ಕೆಲವು ಪಶ್ಚಿಮ ಘಟ್ಟದವೇ. ‘ಬಿಗೋನಿಯ ಮಲಬಾರಿಕ’ ಹೆಸರಿನಲ್ಲಿಯೇ ಮಲಬಾರನ್ನು ಹೊತ್ತಿದೆ. ಈ ಕಾಡುಬಿಗೋನಿಯ ಬದುಕುವ ಬಗೆಯನ್ನು ನೋಡಬೇಕು. ಮರಗಳ ನೆರಳು, ತೇವ ತುಂಬಿದ ಗಾಳಿ, ಬಂಡೆಯ ಓರೆ, ಹಳ್ಳದ ದಂಡೆ. ಘಟ್ಟದ ಜಡಿಮಳೆಯನ್ನೇ ಅದು ತಾಳಿಕೊಳ್ಳುತ್ತದೆ. ಏಕೆಂದರೆ ಬಿದ್ದ ನೀರು ಬೇರಿನ ಬಳಿ ನಿಲ್ಲದೆ ಇಳಿದುಹೋಗುತ್ತದೆ. ಬಿಗೋನಿಯಕ್ಕೆ ಬೇಕಾದುದು ಗಾಳಿಯಲ್ಲಿನ ತೇವ. ಬೇಡವಾದುದು ಬುಡದಲ್ಲಿ ನಿಂತ ನೀರು. ಇದೊಂದನ್ನು ತಿಳಿದರೆ ಉಳಿದುದೆಲ್ಲ ಸುಲಭ.

ಮೊದಲಿಗೆ ಗಿಡದ ಆಯ್ಕೆ. ಊಟಿಯಲ್ಲಿ ಗುಲಾಬಿಯಷ್ಟು ದಪ್ಪನಾಗಿ ಅರಳುವ ಗೆಡ್ಡೆಬಿಗೋನಿಯದ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳು. ಅದಕ್ಕೆ ತಂಪುರಾತ್ರಿ ಬೇಕು; ನಮ್ಮ ಕಡಲತಡಿಗೆ ಅದು ಒಗ್ಗದು. ಸೆಕೆಯ ದೂರು ಸತ್ಯವಾಗುವುದು ಇಲ್ಲಿಯೇ. ಮೇಣದಂತೆ ಹೊಳೆಯುವ ಎಲೆಯ ಚಿಕ್ಕ ಬಿಗೋನಿಯ, ಗೆಣ್ಣುಗಳುಳ್ಳ ಕಾಂಡದ ಎತ್ತರದ ಬಿಗೋನಿಯ, ಇವೆರಡೂ ನಮ್ಮಲ್ಲಿ ಒಗ್ಗಿಕೊಳ್ಳುತ್ತವೆ.

ಕುಂಡ ಮಣ್ಣಿನದಾಗಿದ್ದು ಚಿಕ್ಕದಾಗಿರಲಿ. ದೊಡ್ಡ ಕುಂಡದಲ್ಲಿ ಬೇರು ಹೀರದ ನೀರು ಉಳಿದು ಕೊಳೆತಕ್ಕೆ ದಾರಿಯಾಗುತ್ತದೆ. ತಳದ ತೂತಿನ ಮೇಲೆ ಹಂಚಿನ ಚೂರನ್ನಿಟ್ಟು, ಸುಡುಮಣ್ಣು, ಹೊಳೆಯ ಹೊಯಿಗೆ, ಚೆನ್ನಾಗಿ ಕಳಿತ ಸೊಪ್ಪಿನ ಗೊಬ್ಬರ ಇವನ್ನು ಸಮಪಾಲಾಗಿ ಬೆರಸಿ ತುಂಬಬೇಕು. ಕಡಲಿನ ಹೊಯಿಗೆ ಉಪ್ಪಿನದು, ಸಲ್ಲದು. ಬೆರಳ ಗೆಣ್ಣಿನಾಳದವರೆಗೆ ಮಣ್ಣು ಒಣಗಿದೆಯೆಂದು ನೋಡಿ, ಎಲೆಯನ್ನು ತೋಯಿಸದೆ ಬುಡಕ್ಕೆ ನೀರೆರೆಯಬೇಕು. ಬೆಳಗಿನ ಎಳೆಬಿಸಿಲು ಬೀಳುವ ಮೂಡುದಿಕ್ಕಿನ ಜಗಲಿಯೇ ಪ್ರಶಸ್ತ ಸ್ಥಳ.

ತೂಗುಬುಟ್ಟಿಗೆ ನಮ್ಮಲ್ಲಿ ತೆಂಗಿನ ನಾರಿಗಿಂತ ಉತ್ತಮವಾದ ಹಾಸು ಬೇರೆ ಬೇಡ. ಆದರೆ ಕಡಲಗಾಳಿಗೆ ಬುಟ್ಟಿ ಬೇಗ ಒಣಗುತ್ತದೆ; ಬೇಸಗೆಯಲ್ಲಿ ದಿನವೂ ನೋಡಿಕೊಳ್ಳಬೇಕು. ಮಾಡಿನ ಸೂರುನೀರು ಬೀಳುವಲ್ಲಿ ತೂಗಿಸಲೇಬಾರದು.

ನೆಲದಲ್ಲಿ ನೆಡುವವರು ಎಚ್ಚರದಿಂದಿರಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಅಂಗಳದ ಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ಮುರಕಲ್ಲಿನ ಅಂಚು ಕಟ್ಟಿ ಮಡಿ ಮಾಡಿ, ಮಳೆ ನಿಂತ ಅಕ್ಟೋಬರಿನ ಕೊನೆಗೆ ಗೇಣಿಗೊಂದು ಗಿಡ ನೆಟ್ಟರೆ ಮಾಗಿಯುದ್ದಕ್ಕೂ ಹೂವಿರುತ್ತದೆ. ಮಳೆಗಾಲಕ್ಕೆ ಮುಂಚೆ ಎಳೆಯ ತುದಿಗಳನ್ನು ಕತ್ತರಿಸಿ ಕುಂಡದಲ್ಲಿ ನೆಟ್ಟು ಜಗಲಿಗೆ ಏರಿಸಿದರೆ ಸಂತತಿ ಉಳಿಯುತ್ತದೆ. ಕಾಂಡ ಕೊಳೆತ ಗಿಡವನ್ನೂ ಹಾಗೆಯೇ ಬಿಸುಡಬೇಕಾಗಿಲ್ಲ. ಗಟ್ಟಿಯಾಗಿರುವ ತುದಿ ಹೊಸ ಬೇರು ಬಿಡಬಲ್ಲುದು.

ಇಷ್ಟು ಮಾಡಿದವರಿಗೆ ಸಿಗುವುದೇನು? ಒಂದೇ ಗಿಡದಲ್ಲಿ ಗಂಡುಹೂವೂ ಹೆಣ್ಣುಹೂವೂ ಬೇರೆಬೇರೆ. ಹೆಣ್ಣುಹೂವಿನ ಬೆನ್ನಿಗೆ ಸಾಮಾನ್ಯವಾಗಿ ಮೂರು ರೆಕ್ಕೆಯ ಪುಟ್ಟ ಕಾಯಿ. ಎಲೆಯ ಒಂದು ಮಗ್ಗುಲು ಇನ್ನೊಂದಕ್ಕಿಂತ ಹಿರಿದು. ಬೀಜವೋ ಧೂಳಿನಷ್ಟು ಸಣ್ಣದು. ಕೊಯ್ಯುವ ಹೂವನ್ನು ನಾವು ಇಷ್ಟು ಹೊತ್ತು ನೋಡುವುದಿಲ್ಲ. ಕೈ ಮುಂದಾದಲ್ಲಿ ಕಣ್ಣು ಹಿಂದಾಗುತ್ತದೆ. ಕೊಯ್ಯಲಾಗದ ಹೂವೊಂದು ಜಗಲಿಯಲ್ಲಿದ್ದರೆ, ದಿನಕ್ಕೊಂದು ಗಳಿಗೆಯಾದರೂ ಕಣ್ಣಿಗೆ ಅದರ ಪಾಲು ಸಂದೀತು.